ನಮ್ಮ ದಿನಗಳ ಲೆಕ್ಕ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಮಾವೇಶದಲ್ಲಿ ಸಿಸ್ಟರ್ ಒಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಈ ಸಲ ಯಾವ ವಿಷಯ ಮಾತಾಡೋಣ ಅಂತ ನಮ್ಮ ಕಾರ್ಯಕರ್ತೆಯರ ಸಭೆಯಲ್ಲಿ ಚರ್ಚೆ ಆಯಿತು. ‘ಮನುಷ್ಯನ ಆಯಸ್ಸು ಕಡಿಮೆ, ಅದನ್ನು ವಿವೇಕದಿಂದ ಬಾಳೋದು ಹೇಗೆ’ ಎಂಬ ವಿಷಯ ಬಂದಾಗ ಒಬ್ಬರು ಮುಖ ಸಣ್ಣ ಮಾಡಿಕೊಂಡರು. “ವರ್ಷಕ್ಕೊಂದು ಸಲ ಎಲ್ಲರೂ ಒಳ್ಳೆ ಸೀರೆ ಉಟ್ಕೊಂಡು ಖುಷಿಯಾಗಿ ಬರ್ತಾರೆ. ಅವತ್ತು ಸಾವಿನ ಮಾತು ಯಾಕೆ ಸಿಸ್ಟರ್?” ಅಂದರು. ಅವರ ಮಾತು ಸರಿಯೇ. ನಮ್ಮ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಸಾವಿನ ಹೆಸರು ಎತ್ತಿದರೆ ಹಿರಿಯರು ಗದರುತ್ತಾರೆ. ಆದರೂ ನಾವು ಈ ವಿಷಯವನ್ನೇ ಇಟ್ಟುಕೊಂಡೆವು. ಯಾಕೆ ಅನ್ನೋದು ಮಾತು ಮುಂದುವರಿದ ಹಾಗೆ ನಿಮಗೇ ಗೊತ್ತಾಗುತ್ತದೆ.

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಕ್ರೈಸ್ತರಾದ ನಾವು ನವೆಂಬರ್ 2ರಂದು ಮೃತರೆಲ್ಲರ ಸ್ಮರಣೆ ಮಾಡ್ತೀವಿ. ಇಡೀ ತಿಂಗಳು ಅವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಸಮಾಧಿಯ ಸುತ್ತ ಬೆಳೆದ ಹುಲ್ಲು ಕಿತ್ತು, ಸುಣ್ಣ ಬಳಿದು, ಮೇಣದಬತ್ತಿ ಹಚ್ಚಿ ಬರ್ತೀವಿ. ಹಿಂದೂ ಸಹೋದರಿಯರು ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡ್ತೀರಿ. ಮುಸ್ಲಿಂ ಮನೆಗಳಲ್ಲಿ ಗಂಡಸರು ಖಬರಸ್ಥಾನಕ್ಕೆ ಹೋಗಿ ಬರ್ತಾರೆ. ಸತ್ತವರನ್ನು ನೆನೆಯೋದು ನಮಗ್ಯಾರಿಗೂ ಹೊಸತಲ್ಲ. ಆದರೆ ನಾವೂ ಒಂದು ದಿನ ಹೋಗುವವರೇ ಅನ್ನೋದನ್ನು ಇಟ್ಟುಕೊಂಡು ಇವತ್ತಿನ ಕೆಲಸ ಮಾಡೋದು, ಅದು ನಮಗೆ ಅಷ್ಟಾಗಿ ಅಭ್ಯಾಸ ಇಲ್ಲ.

ಪವಿತ್ರ ಬೈಬಲಿನ ಕೀರ್ತನೆಗಳಲ್ಲಿ 90ನೆಯದು ಮೋಶೆಯ ಹೆಸರಿನಲ್ಲಿದೆ. ಮನುಷ್ಯನ ಆಯಸ್ಸು ಎಪ್ಪತ್ತು, ಗಟ್ಟಿಮುಟ್ಟಾಗಿದ್ದರೆ ಎಂಬತ್ತು ಎಂದು ಅದರಲ್ಲಿ ಹೇಳಿದೆ. ಆಮೇಲೆ ದೇವರ ಹತ್ತಿರ ಒಂದು ವಿಚಿತ್ರವಾದ ಬೇಡಿಕೆ ಬರುತ್ತದೆ. ಆಯಸ್ಸು ಹೆಚ್ಚಿಸು ಅಂತ ಅಲ್ಲ. ಇರುವ ದಿನಗಳನ್ನು ಎಣಿಸೋದಕ್ಕೆ ನಮಗೆ ಕಲಿಸು, ಅದರಿಂದ ನಮಗೆ ವಿವೇಕ ಬರಲಿ ಎಂಬ ಅರ್ಥದ ಬೇಡಿಕೆ. ನಮ್ಮ ಕನ್ನಡದಲ್ಲಿ ‘ದಿನ ಎಣಿಸೋದು’ ಅಂದರೆ ಬೇರೆ ಅರ್ಥ. ಹಾಸಿಗೆ ಹಿಡಿದ ಅಜ್ಜ ‘ದಿನ ಎಣಿಸ್ತಿದ್ದಾರೆ’ ಅಂತೀವಿ. ಅಂದರೆ ಇನ್ನೇನೂ ಮಾಡೋದಕ್ಕಿಲ್ಲ, ಕಾಯೋದಷ್ಟೇ. ಕೀರ್ತನೆಯಲ್ಲಿ ಕೇಳಿರೋದು ಓಡಾಡಿಕೊಂಡು ಗಟ್ಟಿಯಾಗಿರುವವರು ಎಣಿಸುವ ಲೆಕ್ಕ.

ಲೆಕ್ಕ ನಿಮಗೆ ಕಷ್ಟವಲ್ಲ. ಬಡ್ಡಿ ಲೆಕ್ಕ, ಕಂತಿನ ಲೆಕ್ಕ ಬಾಯಲ್ಲೇ ಹೇಳ್ತೀರಿ. ಹಾಗಾದರೆ ಇದನ್ನೂ ಹಾಕಿ ನೋಡೋಣ. ನಮ್ಮ ಸಂಘದ ಸಭೆ ವಾರಕ್ಕೊಂದು, ವರ್ಷಕ್ಕೆ 52. ನಿಮ್ಮಲ್ಲಿ ಒಬ್ಬರಿಗೆ 45 ವರ್ಷ ಅಂದುಕೊಳ್ಳಿ. ಎಪ್ಪತ್ತಕ್ಕೆ ಇನ್ನು 25 ವರ್ಷ. 25ನ್ನು 52ರಿಂದ ಗುಣಿಸಿದರೆ 1300. ಹದಿಮೂರು ನೂರು ಸಭೆ, ಅಷ್ಟೇ! ಮನೆಯಲ್ಲಿ ಹದಿನೈದು ವರ್ಷದ ಮಗಳಿದ್ದರೆ ಇನ್ನು ಆರೇಳು ವರ್ಷಕ್ಕೆ ಅವಳು ಓದಿಗೋ ಕೆಲಸಕ್ಕೋ ಮದುವೆಯಾಗಿಯೋ ಹೊರಡ್ತಾಳೆ. ಅಂದರೆ ಅವಳು ನಿಮ್ಮ ಮನೆಯವಳಾಗಿ ನಿಮ್ಮ ಜೊತೆ ಕೂತು ಮಾಡುವ ಕ್ರಿಸ್‌ಮಸ್, ಯುಗಾದಿ, ರಂಜಾನ್ ಇನ್ನು ಆರೋ ಏಳೋ. ಈ ಲೆಕ್ಕವನ್ನು ಒಂದು ಸಂಘದ ಸಭೆಯಲ್ಲಿ ಹಾಕಿಸಿದಾಗ ಅಲ್ಲಿದ್ದವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಒಬ್ಬರು, “ಹಾಗಾದ್ರೆ ಇವತ್ತು ಹೋಗಿ ಅವಳಿಗೆ ಬೈಯೋದಿಲ್ಲ ಸಿಸ್ಟರ್” ಅಂದರು. ಎಲ್ಲರೂ ನಕ್ಕರು.

ಈ ಮಾತನ್ನು ತಪ್ಪಾಗಿ ಬಳಸೋದೂ ಉಂಟು. ಅದನ್ನು ಮೊದಲೇ ಹೇಳಿಬಿಡ್ತೀವಿ, ಇಲ್ಲಾಂದ್ರೆ ಈ ಉಪನ್ಯಾಸ ಕೇಳಿ ಯಾರಾದರೂ ಮನೆಗೆ ಹೋಗಿ ಅದನ್ನೇ ಹೇಳಿಯಾರು. ಗಂಡ ಕುಡಿದು ಬಂದು ಹೊಡೆದ ಅಂತ ಹೆಣ್ಣುಮಗಳು ಅತ್ತುಕೊಂಡು ತವರಿಗೆ ಬಂದರೆ ದೊಡ್ಡವರು ಏನಂತಾರೆ? “ನಾಲ್ಕು ದಿನದ ಬಾಳು, ಹೊಂದ್ಕೊಂಡು ಹೋಗಮ್ಮ.” ಈ ನಾಲ್ಕು ದಿನದ ಲೆಕ್ಕ ಯಾವಾಗಲೂ ಹೆಂಗಸರಿಗೇ ಯಾಕೆ? ಹೊಡೆಯೋನಿಗೆ ಯಾರಾದರೂ “ನಾಲ್ಕು ದಿನದ ಬಾಳಪ್ಪ, ಕೈ ಎತ್ತಬೇಡ” ಅಂತ ಹೇಳಿದ್ದನ್ನು ನಾವಂತೂ ಇಷ್ಟು ವರ್ಷದ ಸೇವೆಯಲ್ಲಿ ಹೆಚ್ಚಾಗಿ ಕೇಳಿಲ್ಲ. ಬಾಳು ಚಿಕ್ಕದು ಅನ್ನೋದು ಹೊಡೆತ ತಿನ್ನೋದಕ್ಕೆ ಕಾರಣ ಆಗೋದಿಲ್ಲ. ದೇವರು ಕೊಟ್ಟ ದಿನಗಳು ಕಡಿಮೆ ಇರೋದರಿಂದಲೇ ಅದರಲ್ಲಿ ಒಂದು ದಿನವನ್ನೂ ಹೆದರಿಕೆಯಲ್ಲಿ ಕಳೆಯಬಾರದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾನೂನು 2005ರಲ್ಲಿ ಬಂತು. ಮಹಿಳಾ ಸಹಾಯವಾಣಿ 181. ಈ ಸಂಖ್ಯೆಯನ್ನು ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಇನ್ನೊಂದು ಕಡೆಯವರು, “ಹೇಗಿದ್ದರೂ ಸಾಯೋದೇ, ಸಾಲ ಮಾಡಿಯಾದ್ರೂ ತುಪ್ಪ ತಿನ್ನೋಣ” ಅನ್ನುವವರು. ಅವರಿಗೆ ಹೆಚ್ಚು ಹೇಳಬೇಕಿಲ್ಲ. ಕಂತಿನ ದಿನ ಬಂದಾಗ ತಾನೇ ಗೊತ್ತಾಗುತ್ತದೆ.

ಈಗ ಬೈಬಲಿನ ಒಂದು ಕಥೆ. ಯೆರುಸಲೇಮಿನಲ್ಲಿ ಹಿಜ್ಕೀಯ ಎಂಬ ರಾಜನಿದ್ದ. ಒಳ್ಳೆಯ ರಾಜ, ದೇವಭಕ್ತ. ಅವನಿಗೆ ಒಂದು ಕೆಟ್ಟ ಹುಣ್ಣಾಗಿ ಸಾಯುವ ಸ್ಥಿತಿ ಬಂತು. ಪ್ರವಾದಿ ಯೆಶಾಯ ಬಂದು, ನಿನ್ನ ಕಾಲ ಮುಗಿಯಿತು, ಮನೆಯ ವ್ಯವಸ್ಥೆ ಏನಿದ್ದರೂ ಈಗಲೇ ಮಾಡಿಬಿಡು ಎಂದು ತಿಳಿಸಿದ. ಗಮನಿಸಿ, ಪ್ರವಾದಿ ಬರೀ ಪ್ರಾರ್ಥನೆ ಮಾಡು ಅಂತ ಹೇಳಿ ಹೋಗಲಿಲ್ಲ. ಮನೆಯ ವ್ಯವಸ್ಥೆ ಮಾಡು ಅಂದ. ಯಾರಿಗೆ ಏನು, ಯಾವುದು ಎಲ್ಲಿದೆ, ಯಾರದು ಬಾಕಿ, ಇವನ್ನೆಲ್ಲ ಸರಿಪಡಿಸೋದು ಭಕ್ತಿಗೆ ಹೊರಗಿನ ಕೆಲಸ ಅಲ್ಲ ಅಂತ ಆಯಿತು. ರಾಜ ಗೋಡೆ ಕಡೆ ತಿರುಗಿ ಅತ್ತು ಪ್ರಾರ್ಥಿಸಿದ. ದೇವರು ಮರುಗಿ ಅವನಿಗೆ ಇನ್ನೂ 15 ವರ್ಷ ಕೊಟ್ಟರು. ಆಗ ಪ್ರವಾದಿ ಏನು ಮಾಡಿಸಿದ ಗೊತ್ತೇ? ಅಂಜೂರದ ಹಣ್ಣನ್ನು ಅರೆದು ಹುಣ್ಣಿಗೆ ಪಟ್ಟು ಹಾಕಿಸಿದ. ವಾಸಿ ಮಾಡ್ತೀನಿ ಅಂತ ದೇವರು ಮಾತು ಕೊಟ್ಟ ಮೇಲೂ ಔಷಧಿ ಬಿಡಲಿಲ್ಲ! ‘ನಾವು ಪ್ರಾರ್ಥನೆ ಮಾಡ್ತಿದ್ದೀವಿ, ಮಾತ್ರೆ ಬೇಡ’ ಅನ್ನುವವರಿಗೆ ನಾವು ಈ ಅಂಜೂರದ ಕಥೆಯನ್ನೇ ಹೇಳೋದು.

ಮೊದಲು ಈ ಅಂಜೂರದ ವಿಷಯ ತಗೊಳ್ಳೋಣ. 1990ರ ದಶಕದಲ್ಲಿ ಬೆಂಗಳೂರಲ್ಲೂ ಎಷ್ಟೋ ಹಳ್ಳಿಗಳಲ್ಲೂ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದು ನಿಮ್ಮಲ್ಲಿ ದೊಡ್ಡವರಿಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತೆ, ಬರಹ ಓದಿ ವಾಪಸ್ ಹೋಗುತ್ತೆ, ಮರುದಿನ ಬಂದರೂ ಅದೇ ಬರಹ ಅಂತ ಜನ ಹೇಳ್ತಿದ್ದರು. ನಾವು ಹೆಂಗಸರು ಈ ‘ನಾಳೆ ಬಾ’ ಅನ್ನು ನಮ್ಮ ಮೈಮೇಲೇ ಬರೆದುಕೊಂಡಿದ್ದೀವಿ. ತಲೆ ಸುತ್ತಿದರೆ ನಾಳೆ. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದರೆ ಕೊಯ್ಲು ಮುಗೀಲಿ. ತಿಂಗಳ ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೆ ಯಾರ ಹತ್ತಿರ ಹೇಳೋದು ಅಂತ ನಾಚಿಕೆ. ಗಂಡನಿಗೆ ಜ್ವರ ಬಂದರೆ ಆ ದಿನವೇ ಆಸ್ಪತ್ರೆ. ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಮಧ್ಯರಾತ್ರಿಯಾದರೂ ಪಶುವೈದ್ಯರಿಗೆ ಫೋನ್. ನಮಗೆ ಮಾತ್ರ ನಾಳೆ. ದೆವ್ವವೇನೋ ವಾಪಸ್ ಹೋಯಿತಂತೆ, ಕಾಯಿಲೆಗೆ ಓದೋಕೆ ಬರೋದಿಲ್ಲ.

ಬಿಪಿ ಏರಿದರೆ ಬಹಳ ಜನರಿಗೆ ಏನೂ ಗೊತ್ತೇ ಆಗೋದಿಲ್ಲ. ಅದಕ್ಕೇ ನೋಡಿಸಬೇಕು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಒಂದು ರಾತ್ರಿಯಲ್ಲಿ ಬರುವಂಥದ್ದಲ್ಲ, ವರ್ಷಗಟ್ಟಲೆ ಒಳಗೇ ನಿಧಾನವಾಗಿ ಬೆಳೆಯುತ್ತದೆ. ಆ ವರ್ಷಗಳಲ್ಲಿ ಹಿಡಿದರೆ ಪೂರ್ತಿ ತಡೆಯಬಹುದು. ವಿನೆಗರಿನಂಥ ದ್ರವ ಹಚ್ಚಿ ನೋಡುವ ಸರಳ ಪರೀಕ್ಷೆಯಿದೆ, ಕೆಲವೇ ನಿಮಿಷದ್ದು. ಮೂವತ್ತು ವರ್ಷ ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ಒಬ್ಬರೇ ಹೋಗೋಕೆ ಸಂಕೋಚ ಆದರೆ ಸಂಘದ ಹತ್ತು ಜನ ಒಟ್ಟಿಗೆ ಹೋಗಿ. ಬ್ಯಾಂಕಿಗೆ ಹಾಗೇ ತಾನೇ ಮೊದಲ ಸಲ ಹೋಗಿದ್ದು?

ಇನ್ನು ಮನೆಯ ವ್ಯವಸ್ಥೆ. ಇದನ್ನು ನಾವು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನಮ್ಮ ಕಾರ್ಯಕ್ಷೇತ್ರದ ಒಂದು ಸಂಘದಲ್ಲಿ 42 ವರ್ಷದ ಸದಸ್ಯೆಯೊಬ್ಬರಿದ್ದರು. ತೋಟದ ಕೆಲಸ, ಮನೆಯಲ್ಲಿ ಒಂದು ಹಸು. ಸಂಘದಿಂದ 50,000 ರೂಪಾಯಿ ಸಾಲ ತೆಗೆದಿದ್ದರು, ಅದರಲ್ಲಿ 22,000 ತೀರಿಸಿದ್ದರು. ಒಂದು ವಾರವೂ ಕಂತು ತಪ್ಪಿಸಿದವರಲ್ಲ. ಒಂದು ಬೆಳಿಗ್ಗೆ ತೋಟದಲ್ಲೇ ಕುಸಿದು ಬಿದ್ದರು. ಬಿಪಿ ಇತ್ತೆಂದು ಅವರಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳು.

ಮಣ್ಣು ಮಾಡಿ ಹದಿನೈದು ದಿನ ಆದ ಮೇಲೆ ಕಾಗದಪತ್ರದ ಕೆಲಸ ಶುರುವಾಯಿತು. ಅವರ ಸ್ವಂತ ಖಾತೆಗೆ ನಾಮಿನಿ ಯಾರು ಎಂದು ನೋಡಿದರೆ ಅವರ ಅಮ್ಮನ ಹೆಸರಿತ್ತು. ಮದುವೆಗೆ ಮುಂಚೆ ತೆರೆದ ಖಾತೆ. ಅಮ್ಮ ತೀರಿಕೊಂಡು ಎಂಟು ವರ್ಷ ಆಗಿತ್ತು. ಬದಲಾಯಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಇದ್ದ ಹಣ ಹೆಚ್ಚೇನಲ್ಲ, ಆದರೆ ಅದಕ್ಕಾಗಿ ವಾರಸುದಾರರ ದಾಖಲೆ, ನಾಡಕಚೇರಿ, ಬ್ಯಾಂಕು ಅಂತ ಆ ಗಂಡ ಕೂಲಿ ಬಿಟ್ಟು ತಿಂಗಳುಗಟ್ಟಲೆ ಅಲೆದರು. ವಿಮೆಯೂ ಇತ್ತು, ಅಂದರೆ ಮೊದಲು ಇತ್ತು. ಮೇ ತಿಂಗಳಲ್ಲಿ ಕಂತು ಕಡಿತ ಆಗುವಾಗ ಖಾತೆಯಲ್ಲಿ ಬಾಕಿ ಇದ್ದದ್ದು 180 ರೂಪಾಯಿ. ಕಂತು ಹೋಗಲಿಲ್ಲ, ವಿಮೆ ನಿಂತಿತು. ಮನೆಗೆ ಬರಬೇಕಿದ್ದ ಎರಡು ಲಕ್ಷ ರೂಪಾಯಿ ಬರಲಿಲ್ಲ.

ಆಮೇಲೆ ಸಂಘದೊಳಗಿನ ಮಾತು. ಸಾಲದ ಬಾಕಿ 28,000. ಆ ಸಭೆಗೆ ನಮ್ಮ ಕಾರ್ಯಕರ್ತೆ ಹೋಗಿದ್ದರು. ಸತ್ತವರ ಮನೆಯಿಂದ ವಸೂಲಿ ಮಾಡೋದಾ ಅಂತ ಕೆಲವರು ಅತ್ತರು. ನಾವೆಲ್ಲ ಬಡವರೇ, ನಮ್ಮ ದುಡ್ಡು ಯಾರು ಕೊಡ್ತಾರೆ ಅಂತ ಕೆಲವರು ಸಿಟ್ಟಾದರು. ಇಬ್ಬರ ಮಾತಲ್ಲೂ ನ್ಯಾಯ ಇತ್ತು. ಕೊನೆಗೆ ಅವರ ಉಳಿತಾಯದ 13,500 ರೂಪಾಯಿಯನ್ನು ಸಾಲಕ್ಕೆ ಜಮಾ ಮಾಡಿದರು, ಉಳಿದ 14,500ಕ್ಕೆ ಬಡ್ಡಿ ಬಿಟ್ಟರು, ಗಂಡ ತಿಂಗಳಿಗೆ 500ರಂತೆ 29 ತಿಂಗಳು ಕಟ್ಟೋದು ಅಂತ ನಡಾವಳಿ ಬರೆದರು. ಎಲ್ಲರೂ ಹೆಬ್ಬೆಟ್ಟೋ ಸಹಿಯೋ ಹಾಕಿದರು. ಅವರು ನಡೆದುಕೊಂಡ ರೀತಿ ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆದರೂ ಆ ಮನೆಗೆ ಅಷ್ಟು ಕಷ್ಟ ಬರಬೇಕಾಗಿರಲಿಲ್ಲ.

ಹಾಗಾಗಿ ಈಗ ಹೇಳೋದನ್ನು ದಯವಿಟ್ಟು ಕಿವಿಗೊಟ್ಟು ಕೇಳಿ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ ಮತ್ತು ಸುರಕ್ಷಾ ವಿಮೆ, ಎರಡೂ 2015ರಲ್ಲಿ ಬಂದವು. ಜೀವನ ಜ್ಯೋತಿಗೆ 18ರಿಂದ 50 ವರ್ಷದವರು ಸೇರಬಹುದು. 2022ರ ಜೂನ್‌ನಿಂದ ವರ್ಷಕ್ಕೆ 436 ರೂಪಾಯಿ. ಯಾವ ಕಾರಣದಿಂದ ತೀರಿಕೊಂಡರೂ ಎರಡು ಲಕ್ಷ. ಆದರೆ ಹೊಸದಾಗಿ ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಸಿಗುತ್ತದೆ, ಕಾಯಿಲೆ ಬಂದ ಮೇಲೆ ಓಡಿಹೋಗಿ ಸೇರಿದರೆ ಆಗೋದಿಲ್ಲ. ಸುರಕ್ಷಾ ವಿಮೆ 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ. ಅದು ಅಪಘಾತಕ್ಕೆ ಮಾತ್ರ. ಎರಡೂ ಸೇರಿ 456 ರೂಪಾಯಿ. ವಿಮೆಯ ವರ್ಷ ಜೂನ್ 1ರಿಂದ ಮೇ 31ರ ತನಕ. ಅದಕ್ಕೆ ಮೇ ತಿಂಗಳ ಮೂರನೇ ವಾರದ ಸಭೆಯಲ್ಲಿ ಪ್ರತಿನಿಧಿಗಳು ಒಂದೇ ಪ್ರಶ್ನೆ ಕೇಳಬೇಕು: ನಿಮ್ಮ ಖಾತೆಯಲ್ಲಿ 456 ರೂಪಾಯಿ ಇದೆಯಾ? ಇಲ್ಲದವರಿಗೆ ಸಂಘದಿಂದ ಕೈಸಾಲ ಕೊಟ್ಟಾದರೂ ಹಾಕಿಸಿ. ಗ್ಯಾಸ್ ಸಿಲಿಂಡರಿಗಿಂತ ಕಡಿಮೆ ದುಡ್ಡು.

ನಾಮಿನಿ ವಿಷಯ. ಪಾಸ್‌ಬುಕ್ಕಿನಲ್ಲಿ ನಾಮಿನಿ ಹೆಸರಿದೆಯಾ, ಆ ಮನುಷ್ಯ ಬದುಕಿದ್ದಾರಾ, ಹೆಸರಿನ ಅಕ್ಷರ ಆಧಾರ್ ಕಾರ್ಡಿನಲ್ಲಿರುವ ಹಾಗೇ ಇದೆಯಾ, ಇಷ್ಟು ನೋಡಿ. ಮುಂಚೆ ಒಂದು ಖಾತೆಗೆ ಒಬ್ಬರೇ ನಾಮಿನಿ ಇರಬಹುದಿತ್ತು. 2025ರ ನವೆಂಬರ್ 1ರಿಂದ ನಾಲ್ವರ ತನಕ ಹಾಕಬಹುದು. ಇನ್ನೊಂದು ಮಾತು, ಬಹಳ ಜನ ತಪ್ಪು ತಿಳಿದಿರೋದು: ನಾಮಿನಿ ಅಂದರೆ ಹಣದ ಒಡೆಯ ಅಲ್ಲ. ಬ್ಯಾಂಕಿನಿಂದ ಹಣ ತೆಗೆದುಕೊಂಡು ವಾರಸುದಾರರಿಗೆ ಒಪ್ಪಿಸುವವರು. ಮೈದುನನ ಹೆಸರು ಹಾಕಿದ್ದೀನಿ, ಎಲ್ಲ ಅವನಿಗೇ ಹೋಯಿತು ಅಂತ ಹೆದರಬೇಕಿಲ್ಲ. ಆದರೆ ಜಗಳಕ್ಕೆ ದಾರಿ ಮಾಡೋದೂ ಬೇಡ.

ವಿಲ್, ಅಂದರೆ ಮರಣಶಾಸನ, ಬರೀ ಶ್ರೀಮಂತರದ್ದು ಅಂತ ತಿಳ್ಕೊಂಡಿದ್ದೀವಿ. ಐದು ಗುಂಟೆ ಜಾಗ, ಒಂದು ಮನೆ, ಎರಡು ಬಳೆ ಇದ್ದರೂ ಬರೆಯಬಹುದು. ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿದರೆ ಸಾಕು, ಛಾಪಾ ಕಾಗದ ಬೇಡ. ಸಾಕ್ಷಿಗಳು ಆಸ್ತಿ ಪಡೆಯುವವರಾಗಿರಬಾರದು. ನೋಂದಣಿ ಕಡ್ಡಾಯವಿಲ್ಲ, ಮಾಡಿಸಿದರೆ ಒಳ್ಳೆಯದು. ಮುಸ್ಲಿಂ ಸಹೋದರಿಯರು ವಾರಸುದಾರರ ಒಪ್ಪಿಗೆ ಇಲ್ಲದೆ ಆಸ್ತಿಯ ಮೂರನೇ ಒಂದು ಭಾಗವನ್ನು ಮಾತ್ರ ವಿಲ್ ಮಾಡಬಹುದು. ಕ್ರೈಸ್ತರಿಗೆ 1925ರ ಉತ್ತರಾಧಿಕಾರ ಕಾನೂನು ಅನ್ವಯಿಸುತ್ತದೆ. ಗಂಡ ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮವಾಗಿ. ಗಂಡುಮಗ ಹೆಣ್ಣುಮಗಳು ಎಂಬ ಭೇದ ಅದರಲ್ಲಿಲ್ಲ. ಹಿಂದೂ ಕುಟುಂಬಗಳಲ್ಲೂ 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ‘ಅಣ್ಣ ಬೇಜಾರು ಮಾಡ್ಕೊಳ್ತಾನೆ’ ಅಂತ ಸಹಿ ಹಾಕಿ ಬಿಟ್ಟುಕೊಡುವ ಮುಂಚೆ ಒಂದು ಸಲ ನಮ್ಮ ಕಚೇರಿಗೆ ಬಂದು ಮಾತಾಡಿ.

ಹಿಜ್ಕೀಯನ ಕಥೆ ಅರ್ಧಕ್ಕೇ ನಿಂತಿತು. ಅವನಿಗೆ ಸಿಕ್ಕಿದ 15 ವರ್ಷದ ಕಥೆ ಅಷ್ಟೇನು ಚೆನ್ನಾಗಿಲ್ಲ. ಅವನು ಗುಣವಾದ ಸುದ್ದಿ ಕೇಳಿ ಬಾಬಿಲೋನಿನಿಂದ ದೂತರು ಬಂದರು. ಅವರಿಗೆ ಅರಮನೆಯ ಚಿನ್ನ, ಬೆಳ್ಳಿ, ಸುಗಂಧದ್ರವ್ಯ, ಆಯುಧ ಎಲ್ಲವನ್ನೂ ಒಂದೂ ಬಿಡದೆ ತೋರಿಸಿದ. ಇದೆಲ್ಲ ಒಂದು ದಿನ ಬಾಬಿಲೋನಿಗೇ ಹೋಗುತ್ತೆ ಎಂದು ಯೆಶಾಯ ಎಚ್ಚರಿಸಿದ. ಸಾವಿನ ಬಾಗಿಲಿಗೆ ಹೋಗಿ ಬಂದವನು ಮೊದಲು ಮಾಡಿದ್ದು ಶ್ರೀಮಂತಿಕೆ ತೋರಿಸುವ ಕೆಲಸ! ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ಇಲ್ಲಿ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಎಳೆ ಮಕ್ಕಳೂ ಬಾಣಂತಿಯರೂ ಅಷ್ಟು ಸಾಯ್ತಿದ್ದರು. ಈಗ ಅದು 70ರ ಹತ್ತಿರ ಇದೆ. ನಮ್ಮ ಅಜ್ಜಿಯರಿಗೆ ಸಿಗದ ವರ್ಷಗಳು ನಮಗೆ ಸಿಕ್ಕಿವೆ. ಅವನ್ನು ಏನಕ್ಕೆ ಖರ್ಚು ಮಾಡ್ತಿದ್ದೀವಿ?

ಇಲ್ಲಿ ಸಾವಿನ ಖರ್ಚಿನ ಮಾತೂ ಬರುತ್ತದೆ. ಅಮ್ಮ ಹಾಸಿಗೆಯಲ್ಲಿದ್ದಾಗ ಒಂದು ಎಳನೀರು ತರೋಕೆ ದುಡ್ಡಿಲ್ಲ ಅನ್ನುವ ಮನೆ, ತಿಥಿಗೆ ಸಾಲ ಮಾಡಿ ಐನೂರು ಜನಕ್ಕೆ ಊಟ ಹಾಕುತ್ತದೆ. ಕ್ರೈಸ್ತರಾದ ನಾವೂ ಕಡಿಮೆಯಿಲ್ಲ. ಸಮಾಧಿಗೆ ಗ್ರಾನೈಟ್, ಮೇಲೆ ಫೋಟೊ, ಏಳನೇ ದಿನಕ್ಕೆ ಶಾಮಿಯಾನ. ಇದಕ್ಕೆಂದು ಸಂಘದಲ್ಲಿ ಸಾಲ ಕೇಳಿ ಬಂದ ಅರ್ಜಿಗಳನ್ನು ನಾವು ನೋಡಿದ್ದೀವಿ. ನಮ್ಮ ಕಾನ್ವೆಂಟಿನ ಸಮಾಧಿಗಳ ಮೇಲೆ ಒಂದು ಶಿಲುಬೆ, ಹೆಸರು, ಹುಟ್ಟಿದ ದಿನ, ವ್ರತ ತೆಗೆದುಕೊಂಡ ದಿನ, ತೀರಿಕೊಂಡ ದಿನ, ಇಷ್ಟೇ. ಯಾರಿಗೂ ಅವಮಾನ ಆಗಿಲ್ಲ.

ಉಳಿತಾಯದ ಬಗ್ಗೆ ಒಂದು ಪ್ರಶ್ನೆ ಬರಬಹುದು. ಸಂತ ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿ ಒಬ್ಬ ಶ್ರೀಮಂತ ರೈತನ ಕಥೆ ಹೇಳ್ತಾರೆ. ಬೆಳೆ ಹೆಚ್ಚಾಯಿತು, ಕಣಜ ಕಿತ್ತು ದೊಡ್ಡದು ಕಟ್ಟಿಸ್ತೀನಿ, ಆಮೇಲೆ ಉಂಡು ಕುಡಿದು ಸುಖವಾಗಿರ್ತೀನಿ ಅಂದುಕೊಂಡ. ಆ ರಾತ್ರಿಯೇ ಅವನ ಪ್ರಾಣ ಹೋಗುವುದಿತ್ತು. ದೇವರು ಅವನನ್ನು ಬುದ್ಧಿಯಿಲ್ಲದವನು ಅಂತ ಕರೆದರು. ಹಾಗಾದರೆ ಕೂಡಿಡೋದು ತಪ್ಪೇ? ನಾವು ಪ್ರತಿ ವಾರ ಉಳಿತಾಯ ಮಾಡಿ ಅಂತ ಹೇಳ್ತಾ ಬಂದಿದ್ದೀವಲ್ಲ? ಕಥೆಯನ್ನು ಇನ್ನೊಂದು ಸಲ ಓದಿ. ಆ ಮನುಷ್ಯ ಮಾತಾಡೋದು ತನ್ನ ಜೊತೆ ಮಾತ್ರ. ನನ್ನ ಬೆಳೆ, ನನ್ನ ಕಣಜ. ಆ ಬೆಳೆ ಕೊಯ್ದ ಕೂಲಿಯವರು ಕಥೆಯಲ್ಲೇ ಇಲ್ಲ. ಹೆಂಡತಿ ಇಲ್ಲ, ನೆರೆಮನೆ ಇಲ್ಲ. ನಿಮ್ಮ ಸಂಘದ ಪೆಟ್ಟಿಗೆ ಹಾಗಲ್ಲ. ನಿಮ್ಮ ಇಪ್ಪತ್ತು ರೂಪಾಯಿ ಈ ವಾರ ಒಬ್ಬರ ಮಗುವಿನ ಫೀಸು, ಮುಂದಿನ ವಾರ ಇನ್ನೊಬ್ಬರ ಬಾಣಂತನ. ಅದು ಕಣಜದಲ್ಲಿ ಕೊಳೆಯುವ ಕಾಳಲ್ಲ.

ಮುನಿಸಿನ ಬಗ್ಗೆ ಎರಡೇ ಮಾತು. ಸಿಟ್ಟಿನ ಮೇಲೆ ಸೂರ್ಯ ಮುಳುಗಬಾರದು ಅಂತ ಸಂತ ಪೌಲರು ಎಫೆಸದವರಿಗೆ ಬುದ್ಧಿ ಹೇಳಿದ್ದಾರೆ. ಒಂದು ಊರಿನಲ್ಲಿ ಇಬ್ಬರು ಓರಗಿತ್ತಿಯರು, ಬಾವಿ ನೀರಿನ ವಿಷಯಕ್ಕೆ ಮಾತು ಬಿಟ್ಟವರು, ಹನ್ನೊಂದು ವರ್ಷ ಒಂದೇ ಅಂಗಳದಲ್ಲಿ ಮಾತಿಲ್ಲದೆ ಇದ್ದರು. ಒಬ್ಬರು ತೀರಿಕೊಂಡ ದಿನ ಇನ್ನೊಬ್ಬರು ಮನೆಯೊಳಗೆ ಬರಲಿಲ್ಲ, ಹೋಗಲೂ ಇಲ್ಲ. ಹಲಸಿನ ಮರದ ಕೆಳಗೆ ಸಂಜೆ ತನಕ ನಿಂತೇ ಇದ್ದರು. ಆ ಬಾವಿ ಈಗ ಬತ್ತಿದೆ, ಊರಿಗೆ ನಲ್ಲಿ ಬಂದಿದೆ. ಇಲ್ಲಿ ಕೂತಿರುವವರಲ್ಲೂ ಒಂದೇ ಜೀಪಿನಲ್ಲಿ ಬಂದು ಮಾತಾಡದೆ ಕೂತವರು ಇದ್ದಾರೆ ಅಂತ ನಮಗೆ ಗೊತ್ತು. ಹೆಸರು ಹೇಳೋದಿಲ್ಲ.

ನಾವು ಸಿಸ್ಟರುಗಳು ರಾತ್ರಿ ಮಲಗುವ ಮುಂಚೆ ಆತ್ಮಶೋಧನೆ ಅಂತ ಮಾಡ್ತೀವಿ. ಹತ್ತು ನಿಮಿಷ. ಈ ದಿನ ಏನು ಸಿಕ್ಕಿತು, ಯಾರಿಗೆ ಏನು ಬಾಕಿ ಉಳಿಯಿತು, ಯಾರಿಗೆ ನೋವಾಯಿತು ಅಂತ ನೋಡಿಕೊಳ್ಳೋದು. ಆಮೇಲೆ ರಾತ್ರಿಯ ಪ್ರಾರ್ಥನೆಯಲ್ಲಿ ಒಳ್ಳೆಯ ನಿದ್ದೆಯ ಜೊತೆಗೆ ಒಳ್ಳೆಯ ಮರಣವನ್ನೂ ಕೇಳ್ತೀವಿ. ಇದಕ್ಕೆ ಹೆದರಬೇಕಾದ್ದಿಲ್ಲ, ಕೇಳಿದ್ದಕ್ಕೆ ಯಾರಿಗೂ ಸಾವು ಬೇಗ ಬಂದಿಲ್ಲ! ಅಸ್ಸಿಸಿಯ ಸಂತ ಫ್ರಾನ್ಸಿಸ್ ಅವರು 1226ರಲ್ಲಿ ತೀರಿಕೊಂಡರು, ಅವರು ಮರಣವನ್ನು ಅಕ್ಕ ಅಂತ ಕರೆದವರು. ಬೂದಿ ಬುಧವಾರ ನಮ್ಮ ಹಣೆಗೆ ಹಚ್ಚುವ ಬೂದಿ ಎಲ್ಲಿಂದ ಬರುತ್ತದೆ ಗೊತ್ತೇ? ಹಿಂದಿನ ವರ್ಷ ಗರಿಗಳ ಭಾನುವಾರ ನಾವೇ ಕೈಯಲ್ಲಿ ಹಿಡಿದು ಜಯಘೋಷ ಮಾಡಿದ ಗರಿಗಳನ್ನು ಸುಟ್ಟ ಬೂದಿ ಅದು. ನಮ್ಮ ಸಂಭ್ರಮವೇ ಒಂದು ವರ್ಷದಲ್ಲಿ ಹಣೆಯ ಬೂದಿ ಆಗುತ್ತದೆ. ಆದರೆ ಬೂದಿ ಬುಧವಾರದಿಂದ ನಾವು ನಡೆಯೋದು ಪಾಸ್ಕ ಹಬ್ಬದ ಕಡೆಗೆ, ಯೇಸುಸ್ವಾಮಿಯ ಪುನರುತ್ಥಾನದ ಕಡೆಗೆ. ಸಾವಿನ ಹತ್ತಿರ ಎಲ್ಲ ಮುಗಿಯಿತು ಎಂದು ನಾವು ನಂಬಿಲ್ಲ. ಅದಕ್ಕೇ ಸಾವಿನ ಮಾತನ್ನು ಸಮಾವೇಶದ ದಿನವೂ ನಿಮ್ಮ ಎದುರು ಧೈರ್ಯವಾಗಿ ಆಡ್ತಿದ್ದೀವಿ.

ಮಾತು ಮುಗಿಸುವ ಮುಂಚೆ ಒಬ್ಬ ಹೆಂಗಸಿನ ವಿಷಯ ಹೇಳಬೇಕು. ಪ್ರೇಷಿತರ ಕಾರ್ಯಕಲಾಪಗಳು ಎಂಬ ಗ್ರಂಥದ ಒಂಬತ್ತನೇ ಅಧ್ಯಾಯದಲ್ಲಿ ತಬಿಥಾ ಎಂಬವಳ ಕಥೆಯಿದೆ. ಗ್ರೀಕ್ ಭಾಷೆಯಲ್ಲಿ ಅವಳ ಹೆಸರು ದೊರ್ಕ. ಸಮುದ್ರದ ದಂಡೆಯ ಯೊಪ್ಪ ಊರಿನವಳು. ಕಾಯಿಲೆ ಬಿದ್ದು ಸತ್ತಳು. ಸಂತ ಪೇತ್ರರನ್ನು ಕರೆಸಿದರು. ಅವರು ಮಹಡಿಯ ಕೋಣೆಗೆ ಬಂದಾಗ ಊರಿನ ವಿಧವೆಯರೆಲ್ಲ ಅಳುತ್ತಾ ಸುತ್ತ ನಿಂತು, ಅವಳು ಬದುಕಿದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಬಟ್ಟೆಗಳನ್ನೂ ತೋರಿಸಿದರು. ಪೇತ್ರರು ಪ್ರಾರ್ಥಿಸಿದರು, ಅವಳು ಎದ್ದು ಕೂತಳು. ಅವಳಿಗೆ ಗಂಡ ಇದ್ದನೋ, ಆಸ್ತಿ ಇತ್ತೋ, ಎಷ್ಟು ವಯಸ್ಸೋ ಯಾವುದನ್ನೂ ಗ್ರಂಥ ಹೇಳೋದಿಲ್ಲ. ಬಟ್ಟೆಯನ್ನು ಮಾತ್ರ ಹೇಳುತ್ತದೆ. ನಮ್ಮ ಹೊಲಿಗೆ ತರಬೇತಿಯ ಸಹೋದರಿಯರಿಗೆ ನಾವು ಈ ಕಥೆ ಹೇಳಿದಾಗ ಒಬ್ಬಳು ಹುಡುಗಿ ಕೇಳಿದಳು: “ಮತ್ತೆ ಎದ್ದ ಮೇಲೆ ಅವಳು ಏನು ಮಾಡಿದಳು ಸಿಸ್ಟರ್?” ಗ್ರಂಥದಲ್ಲಿ ಬರೆದಿಲ್ಲ. ಪಕ್ಕದಲ್ಲಿದ್ದವಳು ತಕ್ಷಣ, “ಇನ್ನೇನು, ಅರ್ಧ ಹೊಲಿದು ಬಿಟ್ಟದ್ದನ್ನು ಮುಗಿಸಿರ್ತಾಳೆ” ಅಂದಳು.

ಈಗ ಊಟದ ಹೊತ್ತಾಯಿತು. ಹಿಂದಿನ ಕೋಣೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಬಂದಿದ್ದಾರೆ. ಸಕ್ಕರೆ ಪರೀಕ್ಷೆ ಮಾಡಿಸುವವರು ಊಟಕ್ಕೆ ಮೊದಲೇ ಹೋಗಿ, ಬಿಪಿ ಆಮೇಲೂ ಆಗುತ್ತದೆ. ಬಲಗಡೆಯ ಮೇಜಿನಲ್ಲಿ ಬ್ಯಾಂಕಿನವರು ನಾಮಿನಿ ಫಾರಂ ಇಟ್ಟುಕೊಂಡು ಕೂತಿದ್ದಾರೆ. ಬರೆಯೋಕೆ ಬಾರದವರಿಗೆ ನಮ್ಮ ಕಾರ್ಯಕರ್ತೆಯರು ತುಂಬಿಕೊಡ್ತಾರೆ. ಪಾಸ್‌ಬುಕ್ ಮರೆತು ಬಂದವರು ಮುಂದಿನ ವಾರದ ಸಭೆಗೆ ತಪ್ಪದೆ ತನ್ನಿ, ಪ್ರತಿನಿಧಿಗಳು ಹಾಜರಿ ಹಾಕುವಾಗ ಅದನ್ನೂ ನೋಡ್ತಾರೆ. ಊಟಕ್ಕೆ ಎರಡು ಸಾಲು ಮಾಡಿ, ವಯಸ್ಸಾದವರನ್ನೂ ಮಕ್ಕಳಿರುವವರನ್ನೂ ಮುಂದೆ ಬಿಡಿ.